ಮೈಲೇಜ್ ಕೊಡುವ ಟೈರ್ ಆರಿಸುವುದು ಹೇಗೆ, ಹಳೆಯದನ್ನು ಕಳಚುವುದು ಯಾವಾಗ: ಸಮಗ್ರ ಮಾರ್ಗದರ್ಶಿ

ಹೊಸ ಟೈರ್ ಹಾಕಿಸಿದ ಮೇಲೆ ಮೈಲೇಜ್ ಇಳಿಯಿತು ಎಂಬ ದೂರು ಬಹಳ ಸಾಮಾನ್ಯ. ಲೀಟರಿಗೆ 18 ಕಿ.ಮೀ. ಓಡುತ್ತಿದ್ದ ಕಾರು 17ಕ್ಕೆ ಬಂದು ನಿಲ್ಲುತ್ತದೆ. ಕಳಪೆ ಟೈರ್ ತಲೆಗೆ ಕಟ್ಟಿದರು ಅನ್ನಿಸುವುದು ಸಹಜ. ಆದರೆ ಬಹಳಷ್ಟು ಸಲ ಟೈರಿನಲ್ಲಿ ದೋಷವೇ ಇರುವುದಿಲ್ಲ. ಸವೆದ ಟೈರ್ ಹೊಸದಕ್ಕಿಂತ ಸಲೀಸಾಗಿ ಉರುಳುತ್ತದೆ, ಅಂದರೆ ಒಂದು ಟೈರ್ ತನ್ನ ಆಯುಷ್ಯದಲ್ಲಿ ಅತಿ ಹೆಚ್ಚು ಮೈಲೇಜ್ ಕೊಡುವುದು ಅದನ್ನು ಎಸೆಯಬೇಕಾದ ಹೊತ್ತಿನಲ್ಲೇ. ಹಾಗಾಗಿ ಮೈಲೇಜ್ ಒಂದನ್ನೇ ಹಿಡಿದು ಕೂತರೆ ಟೈರ್ ಬದಲಿಸುವ ದಿನ ಎಂದಿಗೂ ಬರುವುದಿಲ್ಲ. ಆಯ್ಕೆ ಮತ್ತು ಬದಲಾವಣೆ ಎರಡನ್ನೂ ಇಲ್ಲಿ ಒಟ್ಟಿಗೆ ನೋಡುತ್ತಿರುವುದು ಇದೇ ಕಾರಣಕ್ಕೆ.

ಟೈರ್ ಇಂಧನ ಕುಡಿಯುವ ಬಗೆ

ಕಾರಿನ ಭಾರಕ್ಕೆ ಟೈರ್ ನೆಲ ಮುಟ್ಟಿದ ಕಡೆ ಚಪ್ಪಟೆಯಾಗುತ್ತದೆ, ನೆಲ ಬಿಟ್ಟ ಕೂಡಲೇ ಮತ್ತೆ ದುಂಡಗಾಗುತ್ತದೆ. ಸಾಮಾನ್ಯ ಹ್ಯಾಚ್‌ಬ್ಯಾಕ್‌ನ ಚಕ್ರ ಒಂದು ಕಿಲೋಮೀಟರಿಗೆ ಐನೂರಕ್ಕೂ ಹೆಚ್ಚು ಸುತ್ತು ಹಾಕುತ್ತದೆ, ಅಷ್ಟೂ ಸಲ ಟೈರಿನ ಪ್ರತಿ ಭಾಗ ಹೀಗೆ ಬಾಗಿ ಎದ್ದು ಬರಬೇಕು. ಬಾಗಿಸಲು ಹಾಕಿದ ಶಕ್ತಿಯನ್ನು ರಬ್ಬರ್ ಪೂರ್ತಿ ಹಿಂದಿರುಗಿಸುವುದಿಲ್ಲ, ಒಂದು ಪಾಲು ಶಾಖವಾಗಿ ಹೋಗುತ್ತದೆ. ಒಂದು ಗಂಟೆ ಓಡಿಸಿ ಇಳಿದಾಗ ಟೈರ್ ಮುಟ್ಟಿ ನೋಡಿದರೆ ಬೆಚ್ಚಗಿರುವುದು ಇದರಿಂದಲೇ. ಆ ಶಾಖದಷ್ಟೂ ನಿಮ್ಮ ಟ್ಯಾಂಕಿನಿಂದ ಬಂದ ಇಂಧನ. ಇದಕ್ಕೆ ರೋಲಿಂಗ್ ರೆಸಿಸ್ಟೆನ್ಸ್ ಎನ್ನುತ್ತಾರೆ, ಇನ್ನು ಮುಂದೆ ಉರುಳು-ತಡೆ ಎಂದು ಕರೆಯೋಣ. ಸಾಧಾರಣ ಕಾರಿನಲ್ಲಿ ಸುಡುವ ಇಂಧನದ ಸುಮಾರು ಐದನೇ ಒಂದು ಪಾಲು ಈ ತಡೆಗೆ ಹೋಗುತ್ತದೆ. ಉರುಳು-ತಡೆ 10% ಇಳಿದರೆ ಇಂಧನದಲ್ಲಿ 1ರಿಂದ 2% ಉಳಿಯುತ್ತದೆ ಎಂಬುದು ಒಪ್ಪಿತ ಅಂದಾಜು.

ಟ್ರೆಡ್ (ನೆಲ ಮುಟ್ಟುವ, ಕಾಲುವೆ ಕೊರೆದ ರಬ್ಬರ್ ಪದರ) ದಪ್ಪವಾಗಿದ್ದಷ್ಟೂ ಬಾಗುವ ರಬ್ಬರ್ ಹೆಚ್ಚು, ಶಾಖವೂ ಹೆಚ್ಚು. ಟ್ರೆಡ್ ಸವೆಯುತ್ತ ಹೋದಂತೆ ಈ ನಷ್ಟ ಕಡಿಮೆಯಾಗುತ್ತದೆ. ಪೂರ್ತಿ ಸವೆದ ಟೈರಿನಲ್ಲಿ ಹೊಸದಕ್ಕಿಂತ ಐದನೇ ಒಂದರಷ್ಟು ಕಡಿಮೆ ತಡೆ ಇರುವುದುಂಟು. ಹೊಸ ಟೈರ್ ಹಾಕಿದಾಗ ಆ ಅನುಕೂಲ ಒಮ್ಮೆಲೇ ಹೋಗುತ್ತದೆ.

ಹಿಂದೆ ಉರುಳು-ತಡೆ ಇಳಿಸಿದರೆ ಒದ್ದೆ ರಸ್ತೆಯ ಹಿಡಿತವೂ ಇಳಿಯುತ್ತಿತ್ತು, ಏಕೆಂದರೆ ಹಿಡಿತ ಬರುವುದೂ ಬಾಗಿದಾಗ ಶಕ್ತಿ ಕಳೆಯುವ ರಬ್ಬರಿನ ಅದೇ ಗುಣದಿಂದ. 1992ರಲ್ಲಿ ಮಿಷೆಲಿನ್ ಕಂಪನಿ ಟ್ರೆಡ್ ರಬ್ಬರಿನಲ್ಲಿ ಕಾರ್ಬನ್ ಬ್ಲ್ಯಾಕ್ (ಮಸಿಯಂಥ ಕಪ್ಪು ಪುಡಿ) ಬದಲು ಸಿಲಿಕಾ (ಮರಳಿನ ಮೂಲವಸ್ತುವಿನ ನಯವಾದ ಪುಡಿ) ಬಳಸಿದ ಟೈರನ್ನು ಮಾರುಕಟ್ಟೆಗೆ ತಂದ ಮೇಲೆ ಈ ಇಕ್ಕಟ್ಟು ಸಡಿಲವಾಯಿತು. ಚಕ್ರ ಉರುಳುವಾಗ ರಬ್ಬರ್ ಸೆಕೆಂಡಿಗೆ ಹತ್ತಾರು ಸಲ ಮಾತ್ರ ಬಾಗುತ್ತದೆ, ಬ್ರೇಕ್ ಹಾಕಿದಾಗ ರಸ್ತೆಯ ಸಣ್ಣ ಕಲ್ಲುಗಳ ಮೇಲೆ ಸಾವಿರಾರು ಸಲ ಅದುರುತ್ತದೆ. ಸಿಲಿಕಾ ಮಿಶ್ರಣ ಮೊದಲನೆಯದರಲ್ಲಿ ಕಡಿಮೆ ಶಕ್ತಿ ಕಳೆದು, ಎರಡನೆಯದರಲ್ಲಿ ಹಿಡಿತ ಉಳಿಸಿಕೊಳ್ಳುತ್ತದೆ. ಇಷ್ಟಾದರೂ ಅಗ್ಗದ ಟೈರುಗಳಲ್ಲಿ ಹಳೆಯ ಹಗ್ಗಜಗ್ಗಾಟ ಹಾಗೇ ಇದೆ. ‘ಮೈಲೇಜ್ ಟೈರ್’ ಎಂಬ ಮಾತು ಕೇಳಿದಾಗೆಲ್ಲ ‘ಒದ್ದೆಯಲ್ಲಿ ಹೇಗೆ?’ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ.

ಹಂತ 1: ಪಕ್ಕೆಯ ಮೇಲೆ ಬರೆದದ್ದನ್ನು ಓದಿ

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಕೆಲವು ಕಾರುಗಳಲ್ಲಿ ಇಂಧನ ಮುಚ್ಚಳದ ಒಳಗೆ. ಕಾರು ತಯಾರಕರು ಹೇಳುವ ಸೈಜ್ ಮತ್ತು ಗಾಳಿಯ ಒತ್ತಡ ಎರಡೂ ಅದರಲ್ಲಿರುತ್ತವೆ. ಈಗ ಹಾಕಿರುವ ಟೈರಿನ ಸೈಜ್‌ಗಿಂತ ಇದನ್ನೇ ನಂಬಿ. ಸೆಕೆಂಡ್ ಹ್ಯಾಂಡ್ ಕಾರಾದರೆ ಹಿಂದಿನವರು ಏನನ್ನಾದರೂ ಹಾಕಿಸಿರಬಹುದು.

ಪಕ್ಕೆ, ಅಂದರೆ ಟೈರಿನ ಬದಿಯ ಗೋಡೆಯ ಮೇಲಿನ 185/65 ಆರ್15 88ಎಚ್ ಎಂಬ ಬರಹವನ್ನು ಉದಾಹರಣೆಗೆ ತೆಗೆದುಕೊಳ್ಳಿ. 185 ಎಂದರೆ ಟೈರಿನ ಅಗಲ, ಮಿ.ಮೀ. ಲೆಕ್ಕದಲ್ಲಿ. 65 ಎಂದರೆ ಪಕ್ಕೆಯ ಎತ್ತರ ಅಗಲದ 65%. ಆರ್ ಎಂದರೆ ರೇಡಿಯಲ್ (ಒಳಗಿನ ದಾರಗಳು ಅಡ್ಡಕ್ಕೆ ಸಾಗುವ ರಚನೆ). 15 ಇಂಚು ರಿಮ್‌ನ ವ್ಯಾಸ. 88 ಭಾರದ ಸೂಚ್ಯಂಕ: ಒಂದು ಟೈರ್ 560 ಕೆ.ಜಿ. ಹೊರಬಲ್ಲದು. 84 ಆದರೆ 500 ಕೆ.ಜಿ., 91 ಆದರೆ 615. ಎಚ್ ಎಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಾಳುತ್ತದೆ, ಟಿ ಆದರೆ 190, ವಿ ಆದರೆ 240. ಭಾರದ ಸೂಚ್ಯಂಕ ಸ್ಟಿಕ್ಕರ್‌ನಲ್ಲಿ ಇರುವುದಕ್ಕಿಂತ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ. ವೇಗದ ಅಕ್ಷರಕ್ಕೂ ಅದೇ ಮಾತು. ಇನ್ನೊಂದೆಡೆ, ಬೇಕಿಲ್ಲದಿದ್ದರೂ ‘ಎಕ್ಸ್‌ಎಲ್’ ಎಂದು ಬರೆದ, ಹೆಚ್ಚು ಭಾರ ಹೊರುವ ಗಟ್ಟಿ ಟೈರನ್ನು ಹಾಕಿದರೆ ಸಾಮಾನ್ಯವಾಗಿ ತೂಕ ಹೆಚ್ಚುತ್ತದೆ, ಸವಾರಿ ಒರಟಾಗುತ್ತದೆ. ಕಾರು ಕೇಳಿದರೆ ಮಾತ್ರ ಅದು. ಬ್ಯಾಟರಿಯ ಭಾರ ಹೊರುವ ಎಲೆಕ್ಟ್ರಿಕ್ ಕಾರುಗಳು ಅನೇಕ ಸಲ ಕೇಳುತ್ತವೆ.

ಹಂತ 2: ಸೈಜ್ ಬದಲಿಸುವ ಮೊದಲು ಲೆಕ್ಕ ಹಾಕಿ

ಅಗಲದ ಟೈರ್, ದೊಡ್ಡ ಅಲಾಯ್ ಚಕ್ರ ಹಾಕಿದರೆ ಕಾರಿನ ಅಂದ ಹೆಚ್ಚುತ್ತದೆ, ನಿಜ. ಇಂಧನದ ದೃಷ್ಟಿಯಿಂದ ಅದು ನಷ್ಟದ ಬಾಬತ್ತು. ಅಗಲ ಹೆಚ್ಚಿದಷ್ಟೂ ಗಾಳಿಗೆ ಎದೆಯೊಡ್ಡುವ ಭಾಗ ಹೆಚ್ಚು. ದೊಡ್ಡ ರಿಮ್‌ನ ತೂಕ ಚಕ್ರದ ಅಂಚಿನ ಕಡೆಗೆ ಸರಿಯುವುದರಿಂದ ಪ್ರತಿ ಸಿಗ್ನಲ್‌ನಲ್ಲಿ ನಿಂತು ಹೊರಡುವಾಗ ಎಂಜಿನ್ ಹೆಚ್ಚು ದುಡಿಯಬೇಕು. ನಗರದೊಳಗೆ ಓಡಾಡುವವರಿಗೆ ಈ ಪೆಟ್ಟು ಎದ್ದು ಕಾಣುತ್ತದೆ.

ಹೊರ ವ್ಯಾಸದ ಲೆಕ್ಕ ಸುಲಭ. ರಿಮ್‌ನ ಇಂಚನ್ನು 25.4ರಿಂದ ಗುಣಿಸಿ, ಪಕ್ಕೆಯ ಎತ್ತರದ ಎರಡರಷ್ಟನ್ನು ಕೂಡಿಸಿ. 185/65 ಆರ್15ಕ್ಕೆ 381 + 240.5 = 621.5 ಮಿ.ಮೀ. 195/55 ಆರ್16ಕ್ಕೆ 406.4 + 214.5 = 620.9 ಮಿ.ಮೀ. ಎರಡೂ ಹೆಚ್ಚು ಕಡಿಮೆ ಒಂದೇ, ಸ್ಪೀಡೋಮೀಟರ್ ಕೆಡುವುದಿಲ್ಲ. ಅದೇ 205/65 ಆರ್15 ಹಾಕಿದರೆ 647.5 ಮಿ.ಮೀ., ಅಂದರೆ ಮೂಲಕ್ಕಿಂತ 4% ದೊಡ್ಡದು. ಆಗ ಮೀಟರ್ 100 ಕಿ.ಮೀ. ತೋರಿಸಿದಾಗ ಕಾರು 104 ಕಿ.ಮೀ. ಕ್ರಮಿಸಿರುತ್ತದೆ. ವೇಗ ಕಡಿಮೆ ಕಾಣುತ್ತದೆ, ಮೈಲೇಜ್ ಇರುವುದಕ್ಕಿಂತ ಕಡಿಮೆ ಲೆಕ್ಕಕ್ಕೆ ಬರುತ್ತದೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಲೂಬಹುದು. ಬದಲಿಸಲೇಬೇಕೆಂದರೆ ವ್ಯಾಸದ ವ್ಯತ್ಯಾಸ 2ರಿಂದ 3% ಮೀರದಿರಲಿ. ಒಂದೇ ಕಾರಿನ ಕೆಳ ಮತ್ತು ಮೇಲಿನ ಮಾದರಿಗಳಿಗೆ ಬೇರೆ ಬೇರೆ ಸೈಜ್ ಕೊಟ್ಟಿದ್ದರೆ, ತಯಾರಕರು ಒಪ್ಪಿದ ಕಿರಿಯ ರಿಮ್, ಕಿರಿದಾದ ಟೈರ್ ಮೈಲೇಜಿಗೆ ಒಳ್ಳೆಯದು.

ಹಂತ 3: ಲೇಬಲ್‌ನಲ್ಲಿ ಎರಡು ಅಕ್ಷರ ನೋಡಿ

ಯುರೋಪಿಯನ್ ಒಕ್ಕೂಟದಲ್ಲಿ 2012ರಿಂದ ಟೈರ್ ಲೇಬಲ್ ಕಡ್ಡಾಯ. 2021ರ ಮೇ ತಿಂಗಳಿಂದ ಹೊಸ ರೂಪದ ಲೇಬಲ್ ಬಂದಿದೆ. ಅಲ್ಲಿ ಮಾರಾಟವಾಗುವ ಟೈರ್ ಮಾದರಿಗಳು ಬೇರೆ ಕಡೆಯೂ ಸಿಗುವುದರಿಂದ, ನಿಮ್ಮಲ್ಲಿ ಲೇಬಲ್ ಇಲ್ಲದಿದ್ದರೂ ಮಾದರಿಯ ಹೆಸರು ಮತ್ತು ಸೈಜ್ ಹಾಕಿ ಹುಡುಕಿದರೆ ಮಾಹಿತಿ ದೊರೆಯುತ್ತದೆ. ಒಂದು ಎಚ್ಚರಿಕೆ: ಒಂದೇ ಹೆಸರಿನ ಟೈರಿಗೆ ಸೈಜ್ ಬದಲಾದಂತೆ ದರ್ಜೆಯೂ ಬದಲಾಗುತ್ತದೆ. 16 ಇಂಚಿನದಕ್ಕೆ ಎ ಇದೆ ಎಂದು 14 ಇಂಚಿನದಕ್ಕೂ ಎ ಇರಬೇಕೆಂದೇನಿಲ್ಲ.

ಇಂಧನದ ದರ್ಜೆ ಎ ಇಂದ ಇ ವರೆಗೆ. ಕಾರ್ ಟೈರುಗಳಲ್ಲಿ ಎ ಎಂದರೆ ಒಂದು ಟನ್ ಭಾರಕ್ಕೆ ಉರುಳು-ತಡೆ 6.5 ಕೆ.ಜಿ. ಬಲ ಅಥವಾ ಕಡಿಮೆ. ಬಿ 6.6ರಿಂದ 7.7, ಸಿ 7.8ರಿಂದ 9.0, ಡಿ 9.1ರಿಂದ 10.5, ಅದಕ್ಕೂ ಮೇಲಿನದು ಇ. ಒದ್ದೆ ರಸ್ತೆಯ ಹಿಡಿತಕ್ಕೂ ಎ ಇಂದ ಇ ವರೆಗೆ ಬೇರೆಯದೇ ದರ್ಜೆ. ಮೂರನೆಯದು ಸದ್ದು, ಡೆಸಿಬಲ್‌ನಲ್ಲಿ. ಅದು ಕಾರಿನ ಹೊರಗೆ ಕೇಳುವ ಸದ್ದು, ಒಳಗೆ ಕೂತವರಿಗೆ ಕೇಳುವುದಲ್ಲ.

ಈ ಅಂಕಿಗಳನ್ನು ಲೀಟರಿಗೆ ಇಳಿಸಿ ನೋಡೋಣ. ಜನ, ಸಾಮಾನು ಸೇರಿ 1,400 ಕೆ.ಜಿ. ತೂಗುವ ಕಾರು. ಸಿ ದರ್ಜೆಯ ತುದಿಯಲ್ಲಿರುವ 9.0ರ ಟೈರಿನಲ್ಲಿ ತಡೆ 12.6 ಕೆ.ಜಿ. ಬಲ. ಎ ದರ್ಜೆಯ 6.5ರಲ್ಲಿ 9.1. ವ್ಯತ್ಯಾಸ 3.5 ಕೆ.ಜಿ., ಅಂದರೆ ಸುಮಾರು 34 ನ್ಯೂಟನ್. 100 ಕಿ.ಮೀ. ದೂರಕ್ಕೆ ಇದು 3.4 ಮೆಗಾಜೂಲ್ ಆಗುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಇದ್ದರೂ ಎಂಜಿನ್ ಅದರ ಮೂರನೇ ಒಂದರಷ್ಟನ್ನು ಮಾತ್ರ ಚಕ್ರಕ್ಕೆ ತಲುಪಿಸುತ್ತದೆ. ಲೆಕ್ಕ ಹಾಕಿದರೆ ನೂರು ಕಿ.ಮೀ.ಗೆ 0.3 ಲೀಟರ್ ಆಸುಪಾಸು ಉಳಿತಾಯ. ಟೈರ್ 40,000 ಕಿ.ಮೀ. ಬಾಳಿದರೆ 120 ಲೀಟರ್. ನಿಮ್ಮೂರಿನ ಇಂಧನ ದರದಿಂದ ಇದನ್ನು ಗುಣಿಸಿ, ಎರಡು ಟೈರ್ ಸೆಟ್‌ಗಳ ಬೆಲೆಯ ಅಂತರದ ಪಕ್ಕ ಇಟ್ಟು ನೋಡಿ. ವರ್ಷಕ್ಕೆ ನಾಲ್ಕೈದು ಸಾವಿರ ಕಿ.ಮೀ. ಮಾತ್ರ ಓಡಿಸುವವರಿಗೆ ಎ ದರ್ಜೆಗೆ ತೆತ್ತ ಹೆಚ್ಚಿನ ಹಣ ಹುಟ್ಟುವ ಮೊದಲೇ ಟೈರಿಗೆ ವಯಸ್ಸಾಗಿಬಿಡುತ್ತದೆ. ಅಂಥವರು ಒದ್ದೆ ಹಿಡಿತದ ದರ್ಜೆಯನ್ನೇ ಮುಖ್ಯ ಮಾಡಿಕೊಳ್ಳಲಿ.

ಆಯ್ಕೆಯ ಕ್ರಮ ಹೀಗಿರಲಿ: ಮೊದಲು ಒದ್ದೆ ಹಿಡಿತ ಎ ಅಥವಾ ಬಿ ಇರುವವನ್ನಷ್ಟೇ ಪಟ್ಟಿ ಮಾಡಿ, ಆಮೇಲೆ ಅವುಗಳಲ್ಲಿ ಇಂಧನ ದರ್ಜೆ ಉತ್ತಮವಾದುದನ್ನು ಆರಿಸಿ. ತಿರುಗಿಸಿ ಮಾಡಿದರೆ ಇಂಧನ ಎ, ಒದ್ದೆ ಹಿಡಿತ ಸಿ ಅಥವಾ ಡಿ ಇರುವ ಟೈರಿಗೆ ಮನಸೋಲುವ ಅಪಾಯವಿದೆ. ಉಳಿಸಿದ 120 ಲೀಟರ್ ಒಂದು ಡಿಕ್ಕಿಯ ರಿಪೇರಿಗೂ ಸಾಲದು.

ಪಕ್ಕೆಯ ಮೇಲೆ ‘ಟ್ರೆಡ್‌ವೇರ್ 400’ ಎಂಬಂಥ ಸಂಖ್ಯೆ ಇದ್ದರೆ ಅದು ಅಮೆರಿಕದ ಪದ್ಧತಿಯ ಬಾಳಿಕೆಯ ಅಂಕ. ಅಂಕ ಕೊಟ್ಟುಕೊಳ್ಳುವವರು ಆಯಾ ಕಂಪನಿಯವರೇ, ಹಾಗಾಗಿ ಒಂದು ಕಂಪನಿಯ 400ನ್ನು ಇನ್ನೊಂದರ 360ರ ಜೊತೆ ಹೋಲಿಸಿ ಪ್ರಯೋಜನವಿಲ್ಲ. ಉರುಳು-ತಡೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅದಕ್ಕಿಂತ, ಹೊಸ ಟ್ರೆಡ್ ಎಷ್ಟು ಆಳ ಎಂದು ಕೇಳಿ. ಸಾಮಾನ್ಯವಾಗಿ 7ರಿಂದ 8 ಮಿ.ಮೀ. ಇರುತ್ತದೆ. ಉರುಳು-ತಡೆ ಇಳಿಸಲು ಕೆಲವು ಮಾದರಿಗಳಲ್ಲಿ ಆಳವನ್ನೇ ಕಡಿಮೆ ಮಾಡಿರುತ್ತಾರೆ. ಆಳ 3 ಮಿ.ಮೀ.ಗೆ ಇಳಿದಾಗ ಬದಲಿಸುತ್ತೀರಿ (ಕಾರಣ ಹಂತ 7ರಲ್ಲಿದೆ) ಎಂದು ಹಿಡಿದರೆ ಬಳಸಲು 8ರಲ್ಲಿ 5 ಮಿ.ಮೀ. ಸಿಕ್ಕಿತು, 6.5ರಲ್ಲಿ 3.5 ಮಾತ್ರ.

ಹಂತ 4: ದುಡ್ಡು ಕೊಡುವ ಮೊದಲು ತಾರೀಖು

ಪಕ್ಕೆಯ ಮೇಲೆ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2324 ಎಂದರೆ 2024ರ 23ನೇ ವಾರ. ಪೂರ್ತಿ ಸಾಲು ಟೈರಿನ ಒಂದು ಪಕ್ಕೆಯಲ್ಲಿ ಮಾತ್ರ ಇರುವುದುಂಟು, ಹೊರಗೆ ಕಾಣದಿದ್ದರೆ ಒಳಪಕ್ಕೆ ನೋಡಿ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಮುಟ್ಟಲೇಬೇಡಿ. ತಂಪಾದ, ಬಿಸಿಲು ಬೀಳದ ಗೋದಾಮಿನಲ್ಲಿದ್ದ ಒಂದು ವರ್ಷದ ಟೈರಿನಿಂದ ತೊಂದರೆಯಿಲ್ಲ. ಎರಡು ವರ್ಷ ದಾಟಿದ್ದರೆ ಬೇರೆ ಕೊಡಿ ಎನ್ನಿ. ನಾಲ್ಕು ಟೈರಿನ ತಾರೀಖುಗಳನ್ನೂ ಒಂದೊಂದಾಗಿ ಓದಬೇಕು. ಮೂರು ಹೊಸದು, ಒಂದು ಹಳೆಯದು ಸೇರಿಕೊಳ್ಳುವುದು ಅಪರೂಪವೇನಲ್ಲ.

ಹಾಕುವಾಗ ಹತ್ತಿರವೇ ನಿಂತಿರಿ. ಪಕ್ಕೆಯ ಮೇಲೆ ಬಾಣದ ಗುರುತಿದ್ದರೆ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೆ ಬಾಣ ಇರಬೇಕು. ಹೊರಬದಿ ಎಂದು ಬರೆದಿದ್ದರೆ ಆ ಬರಹ ಕಾರಿನ ಹೊರಗಿನಿಂದ ಕಾಣಬೇಕು. ರಬ್ಬರ್ ವಾಲ್ವ್ ಹೊಸದು ಹಾಕಿಸಿ; ಟೈರಿನಷ್ಟೇ ವಯಸ್ಸಾದ ವಾಲ್ವ್ ಬುಡದಲ್ಲಿ ಸೀಳಿ ನಿಧಾನಕ್ಕೆ ಗಾಳಿ ಬಿಡುತ್ತದೆ, ಪಂಕ್ಚರ್ ಹುಡುಕಿ ಸುಸ್ತಾಗುವುದೊಂದೇ ಬಾಕಿ. ನಾಲ್ಕೂ ಚಕ್ರಕ್ಕೆ ಬ್ಯಾಲೆನ್ಸಿಂಗ್ (ಸುತ್ತಲೂ ತೂಕ ಸಮ ಮಾಡುವುದು) ಆಗಬೇಕು. ನಟ್‌ಗಳನ್ನು ಎದುರುಬದುರಾಗಿ, ನಕ್ಷತ್ರದ ಕ್ರಮದಲ್ಲಿ, ಕೈಪಿಡಿಯಲ್ಲಿ ಹೇಳಿದ ಟಾರ್ಕ್‌ಗೆ (ಬಿಗಿಯುವ ಬಲಕ್ಕೆ) ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಗಾಳಿ ಗನ್ನಿನಿಂದ ಮನಬಂದಂತೆ ಬಿಗಿದರೆ ಬೋಲ್ಟ್ ಜಗ್ಗುತ್ತದೆ, ಡಿಸ್ಕ್ ಬ್ರೇಕ್ ಸೊಟ್ಟಗಾಗಬಹುದು, ದಾರಿಯಲ್ಲಿ ಪಂಕ್ಚರಾದಾಗ ಸ್ಪ್ಯಾನರಿಗೆ ನಟ್ ಬಗ್ಗುವುದಿಲ್ಲ. 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಟಾರ್ಕ್ ಇನ್ನೊಮ್ಮೆ ನೋಡಿಸಿ.

ಹೊಸ ಟೈರಿನ ಮೈಗೆ ಅಚ್ಚಿನಿಂದ ಬಿಡಿಸಲು ಬಳಸಿದ ಜಾರು ಪದಾರ್ಥದ ಲೇಪ ಇರುತ್ತದೆ. ಮೊದಲ 300 ಕಿ.ಮೀ. ಜೋರಾಗಿ ಬ್ರೇಕ್ ಹಾಕುವುದು, ತಿರುವಿನಲ್ಲಿ ರಭಸ ಬೇಡ, ಅದರಲ್ಲೂ ಮಳೆಯಲ್ಲಿ.

ಹಂತ 5: ಗಾಳಿ

ಎ ದರ್ಜೆಯ ಟೈರ್ ಕೊಂಡು ಗಾಳಿ ನೋಡದೆ ಓಡಿಸಿದರೆ ಕೊಟ್ಟ ಹಣ ನೀರಿಗೆ ಹಾಕಿದಂತೆ. ಟೈರ್ ಎಷ್ಟೇ ಚೆನ್ನಾಗಿದ್ದರೂ ತಿಂಗಳಿಗೆ 1ರಿಂದ 2 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ರಬ್ಬರಿನ ಮೂಲಕವೇ ಸೋರುತ್ತದೆ. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಂತೆ ನಾಲ್ಕೂ ಟೈರಿನ ಸರಾಸರಿ ಒತ್ತಡ 1 ಪಿಎಸ್‌ಐ ಇಳಿದರೆ ಮೈಲೇಜ್ 0.2% ಇಳಿಯುತ್ತದೆ. ನೋಡಲು ಸಣ್ಣ ಸಂಖ್ಯೆ. ಆದರೆ ಗಾಳಿ ಕಡಿಮೆಯಾದಾಗ ಪಕ್ಕೆ ಹೆಚ್ಚು ಬಾಗಿ ಬಿಸಿಯೇರುತ್ತದೆ, ಟ್ರೆಡ್‌ನ ಎರಡೂ ಅಂಚು ಬೇಗ ಸವೆಯುತ್ತವೆ, ಭಾರ ಹೇರಿಕೊಂಡು ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಟೈರ್ ಸಿಡಿಯುವುದೂ ಬಹುಪಾಲು ಇದರಿಂದಲೇ.

ಅಳೆಯುವ ರೀತಿ:

1. ಟೈರ್ ತಣ್ಣಗಿರಬೇಕು. ಅಂದರೆ ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು, ಅಥವಾ ಓಡಿದ್ದು 2 ಕಿ.ಮೀ. ಒಳಗಿರಬೇಕು. ಬೆಳಗಿನ ಹೊತ್ತು ಒಳ್ಳೆಯದು.
2. ನಿಮ್ಮದೇ ಒಂದು ಗೇಜ್ ಇಟ್ಟುಕೊಳ್ಳಿ. ಯಾವಾಗಲೂ ಅದರಲ್ಲೇ ಅಳೆಯಿರಿ. ಬಂಕ್‌ನ ಮೀಟರುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.
3. ಬಾಗಿಲ ಸ್ಟಿಕ್ಕರ್‌ನಲ್ಲಿ ಮುಂದಿನ, ಹಿಂದಿನ ಚಕ್ರಕ್ಕೆ ಬೇರೆ ಅಂಕಿ ಇರಬಹುದು, ತುಂಬಿದ ಭಾರಕ್ಕೆ ಮತ್ತೂ ಬೇರೆ. ಯಾವ ಅಂಕಿ ನಿಮಗೆ ಅನ್ವಯಿಸುತ್ತದೆ ನೋಡಿ. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಒತ್ತಡ ಗರಿಷ್ಠ ಮಿತಿ, ಹಾಕಬೇಕಾದ ಒತ್ತಡವಲ್ಲ. ಈ ಎಡವಟ್ಟು ಬಹಳ ಕಡೆ ಆಗುತ್ತದೆ.
4. ಸ್ಟೆಪ್ನಿಯನ್ನು ಮರೆಯಬೇಡಿ. ತೆಳ್ಳನೆಯ ತಾತ್ಕಾಲಿಕ ಚಕ್ರವಾದರೆ ಅದಕ್ಕೆ ಬಹುತೇಕ 60 ಪಿಎಸ್‌ಐ ಬೇಕು. ಅದನ್ನು ಹಾಕಿಕೊಂಡು ಗಂಟೆಗೆ 80 ಕಿ.ಮೀ. ದಾಟುವಂತಿಲ್ಲ.
5. ವಾಲ್ವ್ ಮುಚ್ಚಳ ಹಾಕಿ. ಧೂಳು ಒಳಗೆ ಕೂತರೆ ವಾಲ್ವ್ ಸೋರುತ್ತದೆ.

ಓಡಿ ಬಿಸಿಯಾದ ಟೈರಿನಲ್ಲಿ 4ರಿಂದ 6 ಪಿಎಸ್‌ಐ ಹೆಚ್ಚು ತೋರುವುದು ಸಹಜ. ಅದನ್ನು ನೋಡಿ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಟೈರ್ ಕುಸಿದಿರುತ್ತದೆ. ಹವೆಯ ಉಷ್ಣತೆ 6 ಡಿಗ್ರಿ ಇಳಿದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ, ಆದ್ದರಿಂದ ಚಳಿಗಾಲ ಶುರುವಾದಾಗ ಒಂದು ಹೆಚ್ಚುವರಿ ತಪಾಸಣೆ ಇರಲಿ. ಡ್ಯಾಶ್‌ಬೋರ್ಡ್‌ನ ಎಚ್ಚರಿಕೆ ದೀಪಕ್ಕೆ ಕಾಯಬೇಡಿ. ಅನೇಕ ಕಾರುಗಳಲ್ಲಿ ಒತ್ತಡ 20ರಿಂದ 25% ಕುಸಿದ ಮೇಲೆಯೇ ಅದು ಹೊತ್ತಿಕೊಳ್ಳುವುದು. 33 ಇರಬೇಕಾದಲ್ಲಿ 26 ಆಗುವವರೆಗೂ ದೀಪ ಮೌನವಾಗಿರಬಹುದು.

ಮೈಲೇಜ್ ಆಸೆಗೆ 40 ಪಿಎಸ್‌ಐ ತುಂಬಿಸುವವರಿದ್ದಾರೆ. ಉರುಳು-ತಡೆ ಸ್ವಲ್ಪ ಇಳಿಯುವುದು ಹೌದು, ಜೊತೆಗೆ ನೆಲ ಮುಟ್ಟುವ ಭಾಗ ಕಿರಿದಾಗಿ ಬ್ರೇಕ್ ದೂರ ಹೆಚ್ಚುತ್ತದೆ, ಟ್ರೆಡ್ ನಡುವೆ ಮಾತ್ರ ಸವೆಯುತ್ತದೆ, ಗುಂಡಿಗೆ ಬಿದ್ದರೆ ಪೆಟ್ಟು ಬಲವಾಗಿ ತಾಗುತ್ತದೆ. ಕೆಲವು ತಯಾರಕರು ಸ್ಟಿಕ್ಕರ್‌ನಲ್ಲೇ ‘ಇಕೋ’ ಒತ್ತಡ ಎಂದು ಹೆಚ್ಚಿನ ಅಂಕಿ ಕೊಟ್ಟಿರುತ್ತಾರೆ. ಹಾಗಿದ್ದರೆ ಮಾತ್ರ ಅಷ್ಟು ಹಾಕಿ. ನೈಟ್ರೋಜನ್ ಬಗ್ಗೆ ಹೇಳುವುದಾದರೆ, ಮಾಮೂಲಿ ಗಾಳಿಯಲ್ಲೇ 78% ಅದೇ ಇದೆ. ಸರಿಯಾದ ಒತ್ತಡದ ಸಾದಾ ಗಾಳಿ ಸಾಕು.

ಹಂತ 6: ಸವಕಳಿಯ ಗುರುತು ಓದುವುದು

ಸ್ಟಿಯರಿಂಗನ್ನು ಒಂದು ಕಡೆ ಪೂರ್ತಿ ತಿರುಗಿಸಿ ಮುಂದಿನ ಟೈರ್ ಹೊರಗೆ ಕಾಣುವಂತೆ ಮಾಡಿ. ಅಂಗೈಯನ್ನು ಟ್ರೆಡ್ ಮೇಲೆ ಅಡ್ಡಲಾಗಿ, ಮೊದಲು ಹೊರಗಿನಿಂದ ಒಳಕ್ಕೆ, ಆಮೇಲೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಸವರಿ. ತಂತಿ ಅಥವಾ ಮೊಳೆ ಚುಚ್ಚಿಕೊಂಡಿದ್ದೀತು, ಮೊದಲು ಕಣ್ಣಲ್ಲಿ ನೋಡಿಕೊಳ್ಳಿ. ಒಂದು ದಿಕ್ಕಿಗೆ ನುಣ್ಣಗೆ ಜಾರಿ, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ಬೆರಳಿಗೆ ತಡೆದರೆ ಟೋ ಕೋನ ತಪ್ಪಿದೆ ಎಂದರ್ಥ. ಚಕ್ರಗಳು ನೇರ ಮುಂದಕ್ಕೆ ನೋಡುವ ಬದಲು ಒಳಕ್ಕೋ ಹೊರಕ್ಕೋ ತಿರುಗಿಕೊಂಡು, ಪ್ರತಿ ಮೀಟರ್ ದೂರವೂ ಸ್ವಲ್ಪ ಸ್ವಲ್ಪ ಅಡ್ಡಕ್ಕೆ ತೇಯುತ್ತ ಸಾಗುತ್ತಿವೆ. ಟೈರ್ ಮತ್ತು ಇಂಧನ ಎರಡನ್ನೂ ಒಟ್ಟಿಗೆ ತಿನ್ನುವ ದೋಷ ಇದು. ಕಣ್ಣಿಗೆ ಕಾಣುವ ಎಷ್ಟೋ ಮೊದಲೇ ಕೈಗೆ ಸಿಗುತ್ತದೆ.

ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಒಂದೇ ಅಂಚು ಬೋಳಾಗಿದ್ದರೆ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಅಥವಾ ಟೋ ಕೆಟ್ಟಿದೆ. ಒಳಅಂಚು ನಿಂತಲ್ಲಿಂದ ಕಾಣುವುದಿಲ್ಲ, ಬಗ್ಗಿ ನೋಡಲೇಬೇಕು. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ ಅಥವಾ ಬ್ಯಾಲೆನ್ಸಿಂಗ್ ತಪ್ಪಿದೆ. ಕಾರಣ ಸರಿಪಡಿಸದೆ ಹೊಸ ಟೈರ್ ಹಾಕಿದರೆ ಅದಕ್ಕೂ ಅದೇ ಗತಿ. ಸಸ್ಪೆನ್ಷನ್‌ನಲ್ಲಿ ಬುಷ್, ಬಾಲ್ ಜಾಯಿಂಟ್ ಸಡಿಲವಿದ್ದರೆ ಮೊದಲು ಅವನ್ನು ಬದಲಿಸಿ, ಆಮೇಲೆ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು). ಕ್ರಮ ತಪ್ಪಿದರೆ ಅಲೈನ್‌ಮೆಂಟಿಗೆ ಕೊಟ್ಟ ಹಣ ವ್ಯರ್ಥ.

8,000ದಿಂದ 10,000 ಕಿ.ಮೀ.ಗೊಮ್ಮೆ ಟೈರುಗಳ ಜಾಗ ಬದಲಿಸಿ. ಮುಂದಿನ ಚಕ್ರಗಳನ್ನು ಎಂಜಿನ್ ಎಳೆಯುವ ಕಾರಿನಲ್ಲಿ ಮುಂದಿನವು ಅದೇ ಬದಿಯಲ್ಲಿ ಹಿಂದಕ್ಕೆ, ಹಿಂದಿನವು ಎಡಬಲ ಅದಲುಬದಲಾಗಿ ಮುಂದಕ್ಕೆ. ಬಾಣದ ಗುರುತಿನ ಟೈರುಗಳು ಒಂದೇ ಬದಿಯಲ್ಲಿ ಹಿಂದು ಮುಂದಾಗಬಹುದು, ಅಷ್ಟೇ.

ಹಂತ 7: ಬದಲಿಸುವ ಸಮಯ ಬಂತೇ?

ಮೂರು ಪ್ರಶ್ನೆಗಳಿವೆ: ಆಳ, ವಯಸ್ಸು, ಗಾಯ. ಯಾವುದಾದರೂ ಒಂದಕ್ಕೆ ಉತ್ತರ ಕೆಟ್ಟದ್ದಿದ್ದರೂ ಟೈರ್ ಹೋಗಬೇಕು.

ಟ್ರೆಡ್‌ನ ಮುಖ್ಯ ಕಾಲುವೆಗಳ ತಳದಲ್ಲಿ ಅಡ್ಡ ದಿಬ್ಬಗಳಿರುತ್ತವೆ. ಟೈರಿನ ಭುಜದ (ಟ್ರೆಡ್ ಮತ್ತು ಪಕ್ಕೆ ಕೂಡುವ ಅಂಚಿನ) ಮೇಲೆ ಟಿಡಬ್ಲ್ಯುಐ ಎಂಬ ಅಕ್ಷರ ಅಥವಾ ಪುಟ್ಟ ತ್ರಿಕೋನ ಅವುಗಳ ಜಾಗ ತೋರಿಸುತ್ತದೆ. ದಿಬ್ಬದ ಎತ್ತರ 1.6 ಮಿ.ಮೀ.; ಟ್ರೆಡ್ ಅದಕ್ಕೆ ಸಮವಾದರೆ ಹೆಚ್ಚಿನ ದೇಶಗಳ ಕಾನೂನಿನ ಪ್ರಕಾರ ಟೈರ್ ಮುಗಿದಂತೆ. ನಮ್ಮ ಸಲಹೆ 3 ಮಿ.ಮೀ.ಗೇ ನಿಲ್ಲಿಸಿ ಎಂಬುದು. ಕಾಲುವೆಗಳ ಕೆಲಸ ನೀರನ್ನು ಹೊರಗೆ ದಾಟಿಸುವುದು. ಆಳ ಕಡಿಮೆಯಾದಂತೆ ನೀರು ಟೈರಿನಡಿ ಸಿಕ್ಕಿಕೊಂಡು ಕಾರು ಅದರ ಮೇಲೆ ತೇಲತೊಡಗುತ್ತದೆ, ಆಗ ಸ್ಟಿಯರಿಂಗೂ ಇಲ್ಲ, ಬ್ರೇಕೂ ಇಲ್ಲ. ಲೇಬಲ್‌ನ ಒದ್ದೆ ಹಿಡಿತದ ದರ್ಜೆ ಹೊಸ ಟೈರಿನದು ಎಂಬುದನ್ನು ಇಲ್ಲಿ ನೆನಪಿಡಿ. ಮಳೆಗಾಲ ಎದುರಿಗಿದ್ದಾಗ 3.5 ಮಿ.ಮೀ. ಉಳಿದಿದ್ದರೆ ಮಳೆ ಶುರುವಾಗುವ ಮುಂಚೆಯೇ ಬದಲಿಸುವುದು ಜಾಣತನ.

ಆಳವನ್ನು ಕಣ್ಣಳತೆಯಲ್ಲಿ ನೋಡಬೇಡಿ. ಟ್ರೆಡ್ ಗೇಜ್ ಸಣ್ಣ ಉಪಕರಣ. ಒಳಅಂಚು, ನಡು, ಹೊರಅಂಚು ಮೂರೂ ಕಡೆ, ಸುತ್ತಳತೆಯಲ್ಲಿ ಮೂರು ಜಾಗದಲ್ಲಿ ಅಳೆಯಿರಿ. ಗೇಜ್‌ನ ಸೂಜಿ ದಿಬ್ಬದ ಮೇಲೆ ಕೂರದಂತೆ ನೋಡಿಕೊಳ್ಳಿ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಅತಿ ಕಡಿಮೆ ಬಂದ ಅಳತೆಯನ್ನು, ಸರಾಸರಿಯನ್ನಲ್ಲ.

ವಯಸ್ಸಿನ ವಿಷಯದಲ್ಲಿ ಕಡಿಮೆ ಓಡಿಸುವವರೇ ಹೆಚ್ಚು ಮೋಸ ಹೋಗುವುದು. ಟ್ರೆಡ್ ಹೊಸದರಂತೆ ಕಂಡರೂ ಆಮ್ಲಜನಕ, ಬಿಸಿಲು, ಓಜೋನ್ ತಾಗಿ ರಬ್ಬರ್ ಗಡುಸಾಗುತ್ತದೆ, ಒಳಗಿನ ಪದರಗಳ ಬೆಸುಗೆ ಸೋಲುತ್ತದೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಿ. ಆರು ವರ್ಷಕ್ಕೆ ಬದಲಿಸಿ ಎಂದು ಅನೇಕ ಕಾರು ತಯಾರಕರು ಹೇಳುತ್ತಾರೆ. ತಯಾರಾದ ದಿನದಿಂದ ಹತ್ತು ವರ್ಷವಾದರೆ ಹೇಗೇ ಇರಲಿ, ಬೇಡ. ಸ್ಟೆಪ್ನಿಗೂ ಇದೇ ಲೆಕ್ಕ.

ಗಾಯಗಳಲ್ಲಿ ಅತ್ಯಂತ ಅಪಾಯದ್ದು ಪಕ್ಕೆಯ ಮೇಲಿನ ಉಬ್ಬು. ಗುಂಡಿಯ ಅಂಚಿಗೋ ಕಲ್ಲಿಗೋ ಬಡಿದಾಗ ಒಳಗಿನ ದಾರಗಳು ಕಡಿದು, ಗಾಳಿ ರಬ್ಬರನ್ನು ಹೊರಕ್ಕೆ ನೂಕುತ್ತಿದೆ. ಅದಕ್ಕೆ ರಿಪೇರಿ ಇಲ್ಲ, ಅಂದೇ ಸ್ಟೆಪ್ನಿ ಹಾಕಿ. ಪಕ್ಕೆಗೆ ಉದ್ದುದ್ದ ಒಳಕ್ಕಿಳಿದ ತಗ್ಗು ಗೆರೆ ಕಂಡರೆ ಗಾಬರಿ ಬೇಡ, ಅದು ಬಹುಮಟ್ಟಿಗೆ ಪದರಗಳ ಜೋಡಣೆಯ ಗುರುತು. ಸೀಳಿನಲ್ಲಿ ದಾರ ಅಥವಾ ಉಕ್ಕಿನ ತಂತಿ ಕಂಡರೆ ಟೈರ್ ಮುಗಿಯಿತು. ಪಂಕ್ಚರ್ ಟ್ರೆಡ್‌ನ ನಡುಭಾಗದಲ್ಲಿದ್ದು, ತೂತು 6 ಮಿ.ಮೀ. ಒಳಗಿದ್ದರೆ ಟೈರ್ ಬಿಚ್ಚಿ ಒಳಗಿನಿಂದ ಪ್ಲಗ್ ಮತ್ತು ಪ್ಯಾಚ್ ಎರಡನ್ನೂ ಹಾಕಿಸಿ. ಹೊರಗಿನಿಂದ ತುರುಕುವ ಬತ್ತಿ ಮನೆ ಮುಟ್ಟುವವರೆಗಿನ ವ್ಯವಸ್ಥೆ. ಭುಜ, ಪಕ್ಕೆಯ ಪಂಕ್ಚರಿಗೆ ರಿಪೇರಿ ಬೇಡವೇ ಬೇಡ. ಗಾಳಿ ಪೂರ್ತಿ ಹೋದ ಮೇಲೂ ಓಡಿಸಿದ್ದರೆ ಟೈರ್ ಬಿಚ್ಚಿದಾಗ ಒಳಗೆ ಕಪ್ಪು ರಬ್ಬರ್ ಪುಡಿ ಕಾಣುತ್ತದೆ. ಪಕ್ಕೆ ಒಳಗಿಂದ ಅರೆದುಹೋಗಿದೆ, ಎಸೆಯಿರಿ.

ಎರಡೇ ಟೈರ್ ಬದಲಿಸುವಾಗ

ಹೊಸ ಜೋಡಿ ಹಿಂದಿನ ಆಕ್ಸಲ್‌ಗೆ (ಹಿಂದಿನ ಎರಡು ಚಕ್ರಗಳಿಗೆ) ಹೋಗಲಿ, ಮುಂದಿನ ಚಕ್ರ ಎಳೆಯುವ ಕಾರಾದರೂ ಸರಿ. ಒದ್ದೆಯಲ್ಲಿ ಮುಂದಿನವು ಜಾರಿದರೆ ಕಾರು ನೇರಕ್ಕೆ ಹೋಗುತ್ತದೆ, ಚಾಲಕ ವೇಗ ಇಳಿಸಿ ಸುಧಾರಿಸಿಕೊಳ್ಳಬಹುದು. ಹಿಂದಿನವು ಜಾರಿದರೆ ಕಾರು ಗಿರ್ರನೆ ತಿರುಗುತ್ತದೆ. ಒಂದು ಆಕ್ಸಲ್‌ನಲ್ಲಿ ಎರಡು ಬೇರೆ ಮಾದರಿಯ ಟೈರ್ ಇರಕೂಡದು. ನಾಲ್ಕೂ ಚಕ್ರ ಎಳೆಯುವ ಕಾರುಗಳಲ್ಲಿ ಟೈರುಗಳ ಆಳ ಬಹಳ ಹೆಚ್ಚು ಕಡಿಮೆಯಾದರೆ ಡಿಫರೆನ್ಷಿಯಲ್‌ಗೆ (ಚಕ್ರಗಳಿಗೆ ಬಲ ಹಂಚುವ ಗೇರಿಗೆ) ಹೊರೆ ಬೀಳುತ್ತದೆ. ಕೈಪಿಡಿ ಹೇಳುವ ಮಿತಿ ನೋಡಿ, ಸಂದೇಹವಿದ್ದರೆ ನಾಲ್ಕನ್ನೂ ಬದಲಿಸಿ.

ಹೊಸ ಟೈರಿನ ಮೈಲೇಜ್ ಸರಿಯಾಗಿ ಅಳೆಯಲು

8 ಮಿ.ಮೀ. ಇದ್ದ ಟ್ರೆಡ್ 1.6ಕ್ಕೆ ಇಳಿದಾಗ ಟೈರಿನ ವ್ಯಾಸ 12.8 ಮಿ.ಮೀ. ಕುಗ್ಗಿರುತ್ತದೆ, 621.5ರಲ್ಲಿ 2%. ಚಿಕ್ಕ ಚಕ್ರ ಅಷ್ಟೇ ದೂರಕ್ಕೆ ಹೆಚ್ಚು ಸುತ್ತುತ್ತದೆ, ಓಡೋಮೀಟರ್ ಇಲ್ಲದ ದೂರವನ್ನು ಸೇರಿಸಿ ತೋರಿಸುತ್ತದೆ. ಹಳೆಯ ಟೈರಿನ ಮೈಲೇಜಿನಲ್ಲಿ 2%ರಷ್ಟು ಬರೀ ಲೆಕ್ಕದ್ದು. ಇದಕ್ಕೆ ಹೊಸ ಟ್ರೆಡ್‌ನ ಹೆಚ್ಚಿನ ಉರುಳು-ತಡೆ ಸೇರಿದರೆ 18 ಇದ್ದದ್ದು 17 ಆಗಲು ಅಷ್ಟು ಸಾಕು.

ಹೊಸ ಟೈರ್ ಒಂದೆರಡು ಸಾವಿರ ಕಿ.ಮೀ. ಓಡಿ ಪಳಗಲಿ. ನಂತರ ಜಿಪಿಎಸ್ ಇಟ್ಟುಕೊಂಡು ಒಂದು ಉದ್ದ ಪ್ರಯಾಣದ ದೂರವನ್ನು ಓಡೋಮೀಟರ್ ಜೊತೆ ತಾಳೆ ನೋಡಿ. ಓಡೋಮೀಟರ್ 500 ಎಂದಾಗ ಜಿಪಿಎಸ್ 485 ಎಂದರೆ ನಿಮ್ಮ ತಿದ್ದುಪಡಿಯ ಅಂಕ 0.97. ಒಂದೇ ಬಂಕ್, ಒಂದೇ ಪಂಪ್, ಮೊದಲ ಸಲ ನಾಝಲ್ ತಾನಾಗಿ ನಿಂತಲ್ಲಿಗೆ ನಿಲ್ಲಿಸಿ. ಹೀಗೆ ಸತತ ಮೂರು ಟ್ಯಾಂಕ್ ತುಂಬಿಸಿ. ಒಟ್ಟು ದೂರವನ್ನು 0.97ರಿಂದ ಗುಣಿಸಿ ಒಟ್ಟು ಲೀಟರಿನಿಂದ ಭಾಗಿಸಿ. ಒಂದೇ ಟ್ಯಾಂಕಿನ ಲೆಕ್ಕದಲ್ಲಿ ಬರುವ ಏರುಪೇರು ಟೈರಿನ ವ್ಯತ್ಯಾಸಕ್ಕಿಂತ ದೊಡ್ಡದಿರುತ್ತದೆ.

ಇಷ್ಟು ಮಾಡಿದರೂ 6-7%ಕ್ಕಿಂತ ಹೆಚ್ಚು ಇಳಿಕೆ ಕಂಡರೆ ಟೈರನ್ನು ದೂರುವ ಮೊದಲು ಮೂರು ಕಡೆ ನೋಡಿ. ತಣ್ಣಗಿನ ಒತ್ತಡ ಸ್ಟಿಕ್ಕರ್‌ನಂತಿದೆಯೇ, ಟೈರ್ ಹಾಕಿದ ಮೇಲೆ ಅಲೈನ್‌ಮೆಂಟ್ ಆಗಿದೆಯೇ, ಮತ್ತು ಬ್ರೇಕ್ ಕಚ್ಚಿಕೊಂಡಿದೆಯೇ. ಕೊನೆಯದನ್ನು ತಿಳಿಯಲು, ಬ್ರೇಕ್ ಹೆಚ್ಚು ಬಳಸದೆ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ನಾಲ್ಕೂ ರಿಮ್‌ಗಳ ಹತ್ತಿರ ಅಂಗೈ ಒಡ್ಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಿಸಿ ಕಾರುತ್ತಿದ್ದರೆ ಅಲ್ಲಿನ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಬ್ರೇಕ್ ಭಾಗ) ಬಿಚ್ಚಿ ನೋಡಬೇಕು.